ಉಪ್ಪಿನ ಬಯಲ ಇರುವೆಯ ಕುಲಗೋತ್ರ

ಇರುವೆಯ ಜಾತಕ ಬಿಡಿಸಲು ಕೂತವರು ಮೊದಲು ಅದರ ಸೊಂಟ ನೋಡುತ್ತಾರೆ. ಎದೆಗೂ ಹಿಂದಿನ ಉಬ್ಬು ಹೊಟ್ಟೆಗೂ ನಡುವಿನ ಆ ಸಣ್ಣ ಜೋಡಣೆಯಲ್ಲಿ ಗೆಣ್ಣು ಒಂದೋ, ಎರಡೋ? ಒಂದೇ ಆದರೆ ನೋಟ ಹೊಟ್ಟೆಯ ತುದಿಗೆ ಹೋಗಬೇಕು. ಅಲ್ಲಿ ಕೊಂಡಿಯ ಬದಲು ರೋಮ ಸುತ್ತುವರಿದ ದುಂಡು ರಂಧ್ರ ಕಂಡರೆ ಅದು ಆಮ್ಲ ಚಿಮ್ಮುವ ಫಾರ್ಮಿಸಿನೀ ಉಪಕುಟುಂಬದ್ದು. ನಮ್ಮ ಮಲೆನಾಡಿನ ಚಗಳಿಯೂ ಇದೇ ಬಳಗ. ಚಗಳಿ ಚಟ್ನಿಯ ಹುಳಿಗೆ ಆ ಆಮ್ಲವೇ ಕಾರಣ.

ಇರುವೆ ಸಿಕ್ಕಿದ್ದು ಉತ್ತರ ಆಫ್ರಿಕಾದ ಮರಳಿನಲ್ಲಿ, ಉರಿಬಿಸಿಲಲ್ಲಿ ಒಂಟಿಯಾಗಿ ಓಡುತ್ತಿದ್ದಾಗ ಎಂದಿಟ್ಟುಕೊಳ್ಳಿ. ಸೂಕ್ಷ್ಮದರ್ಶಕದಡಿ ಉದ್ದನೆಯ ಕಾಲು, ಬಾಯಿಯ ಕೆಳಗೆ ಜೋಲುವ ನೀಳ ಸ್ಪರ್ಶಾಂಗ, ಎರಡು ದೊಡ್ಡ ಕಣ್ಣುಗಳಲ್ಲದೆ ನೆತ್ತಿಯ ಮೇಲೆ ಮೂರು ಚುಕ್ಕೆಗಣ್ಣು ಕಾಣುತ್ತವೆ. ಕುಲ ಕ್ಯಾಟಗ್ಲೈಫಿಸ್. ಇಲ್ಲಿಯವರೆಗೆ ಸಲೀಸು. ಯಾವ ಪ್ರಭೇದ ಎಂದು ಕೇಳಿದಾಗಲೇ ತಲೆನೋವು ಶುರು.

ಬಣ್ಣವನ್ನು ನಂಬಿದರೆ ಕೆಟ್ಟೆವು. 1793ರಲ್ಲಿ ಕೀಟತಜ್ಞ ಫ್ಯಾಬ್ರೀಷಿಯಸ್, ಮುಂದೆ ಕೆಂಪು ಹಿಂದೆ ಕಪ್ಪು ಇದ್ದ ಇರುವೆಗೆ ‘ಬೈಕಲರ್’ ಎಂದು ಹೆಸರಿಟ್ಟ. ಆದರೆ ಮೊರಾಕೊ ಕಡೆಯ ವಯಾಟಿಕ, ಲಿಬಿಯ-ಈಜಿಪ್ಟ್ ಕಡೆಯ ಸವಿನ್ಯಿ ಪ್ರಭೇದಗಳದ್ದೂ ಹೆಚ್ಚುಕಡಿಮೆ ಅದೇ ವೇಷ. ಗಾತ್ರವನ್ನೂ ನೆಚ್ಚುವಂತಿಲ್ಲ, ಒಂದೇ ಗೂಡಿನ ಅಕ್ಕತಂಗಿಯರಲ್ಲೇ ದೊಡ್ಡವು, ಚಿಕ್ಕವು ಇರುತ್ತವೆ.

ಹೆಸರಿಡುವವರ ಉತ್ಸಾಹಕ್ಕೆ ಮಾತ್ರ ಯಾವತ್ತೂ ಬರವಿರಲಿಲ್ಲ. ಟ್ಯುನೀಷಿಯದ ಕೈರವಾನ್‌ನಲ್ಲಿ ವೈದ್ಯನಾಗಿದ್ದ ಸ್ವಿಸ್ ಮೂಲದ ಫೆಲಿಕ್ಸ್ ಸಾಂಟ್ಶಿ, ಪ್ರಭೇದ, ಉಪಪ್ರಭೇದ, ನಮೂನೆ ಎಲ್ಲ ಸೇರಿ ಸುಮಾರು 2000 ಇರುವೆಗಳಿಗೆ ನಾಮಕರಣ ಮಾಡಿದ. ಸ್ವಿಟ್ಜರ್ಲೆಂಡಿನ ಮನೋವೈದ್ಯ ಔಗುಸ್ತ್ ಫೊರೆಲ್ ಕೂಡ ಅದೇ ಗೀಳಿನವನು. (ಮುಂದೆ ಆ ದೇಶದ 1000 ಫ್ರಾಂಕ್ ನೋಟಿನ ಒಂದು ಬದಿಗೆ ಅವನ ಮುಖ, ಇನ್ನೊಂದು ಬದಿಗೆ ಇರುವೆಗಳು ಬಂದವು.) 1902ರಲ್ಲಿ ಫೊರೆಲ್ ಒಂದು ಕಪ್ಪು ಇರುವೆಗೆ ‘ಫೋರ್ಟಿಸ್’ ಎಂದು ಹೆಸರು ಕೊಟ್ಟ, ಅದೂ ಆಲ್ಬಿಕಾನ್ಸ್ ಎಂಬ ಪ್ರಭೇದದ ಒಂದು ನಮೂನೆಯಾಗಿ ಮಾತ್ರ. ಎಂಬತ್ತು ವರ್ಷ ಅದು ಹಾಗೆ ಬೇರೆಯವರ ಮನೆಯ ಬಾಡಿಗೆದಾರನಂತೆಯೇ ಉಳಿಯಿತು.

ಸ್ವಂತ ಮನೆ ಕೊಡಿಸಿದವರು ದಶಕಗಳ ಕಾಲ ಟ್ಯುನೀಷಿಯದ ಬಿಸಿಲಲ್ಲಿ ಈ ಇರುವೆಗಳ ಹಿಂದೆ ಬಿದ್ದ ರೂಡಿಗರ್ ವೇನರ್. ದೇಹರಚನೆಯ ಜೊತೆಗೆ ಅವರು ಅದರ ನೆಲೆಯನ್ನೂ ಲೆಕ್ಕಕ್ಕೆ ತಂದರು. ಟ್ಯುನೀಷಿಯ, ಅಲ್ಜೀರಿಯಗಳ ಉಪ್ಪುಬಯಲೇ ಫೋರ್ಟಿಸ್‌ನ ಊರು. ಒಂದು ಗಿಡ, ಒಂದು ಕಲ್ಲಿನ ಗುರುತೂ ಇಲ್ಲದ, ಬಿಳಿ ಹೆಪ್ಪುಗಟ್ಟಿದ ನೆಲ ಅದು. 1983ರಲ್ಲಿ ವೇನರ್ ಇದನ್ನು ಪ್ರತ್ಯೇಕ ಪ್ರಭೇದವೆಂದು ಸಾರಿದರು.

ಹೆಸರಿನ ಈ ಜಗಳ ಪಂಡಿತರ ಚಟ ಎನ್ನುವವರು 2006ರ ಪ್ರಯೋಗವೊಂದನ್ನು ನೋಡಬೇಕು. ಗೂಡಿನಿಂದ ಹತ್ತು ಮೀಟರ್ ದೂರದ ಆಹಾರಕ್ಕೆ ನಡೆದುಬಂದ ಫೋರ್ಟಿಸ್ ಇರುವೆಗಳನ್ನು ಹಿಡಿದು, ಕೆಲವಕ್ಕೆ ಹಂದಿಯ ಬಿರುಗೂದಲು ಅಂಟಿಸಿ ಮರಗಾಲು ಕಟ್ಟಿದರು. ಕೆಲವುಗಳ ಕಾಲು ಮೊಟಕುಗೊಳಿಸಿದರು. ಮರಗಾಲಿನವು ವಾಪಸು ಬರುವಾಗ ಗೂಡನ್ನೂ ದಾಟಿ ಒಟ್ಟು ಸುಮಾರು 15 ಮೀಟರ್ ನಡೆದು ಹುಡುಕಾಡಿದವು. ಮೋಟುಗಾಲಿನವು ಆರು ಮೀಟರ್ ತುಂಬುವ ಮೊದಲೇ ಮನೆ ಬಂತೆಂದು ನಿಂತವು. ಅಂದರೆ ಅವು ಹೆಜ್ಜೆಯ ಲೆಕ್ಕ ಇಟ್ಟಿದ್ದವು. ಪೊದೆಗಳ ಗುರುತು ಸಿಗುವಲ್ಲಿ ಬಾಳುವ ಬೈಕಲರ್ ಯಾವುದು, ಗುರುತೇ ಇಲ್ಲದ ಬಯಲಿನ ಫೋರ್ಟಿಸ್ ಯಾವುದು ಎಂದು ಬೇರ್ಪಡಿಸದೆ ಇಂಥ ಫಲಿತಾಂಶಕ್ಕೆ ಅರ್ಥ ಹಚ್ಚುವುದು ಕಷ್ಟ.

ಈಗಿನವರು ಗಂಡಿರುವೆಯ ಜನನಾಂಗದ ಆಕಾರವನ್ನು ಹೆಚ್ಚು ನಂಬುತ್ತಾರೆ. ಕ್ಯಾಟಗ್ಲೈಫಿಸ್‌ನ ಗುಂಪುಗಳನ್ನು ವಿಂಗಡಿಸುವಲ್ಲಿ ಅದರ ಪಾಲು ದೊಡ್ಡದು. ತೊಡಕೆಂದರೆ ಗಂಡುಗಳು ಕಾಣಿಸುವುದು ಕೂಡುವ ಕಾಲದಲ್ಲಷ್ಟೇ, ಸಂಗ್ರಹಗಳಲ್ಲಿ ತುಂಬಿರುವುದು ಕೆಲಸಗಾರ ಹೆಣ್ಣುಗಳು. ಆಗ ಡಿಎನ್‌ಎ ಮೊರೆಹೋಗಬೇಕು.

ಡಿಎನ್‌ಎ ಕೂಡ ಎಲ್ಲ ಕಡೆ ಗೆರೆ ನೇರ ಎಳೆಯುವುದಿಲ್ಲ. ಮಾರಿಟಾನಿಕ ಎಂಬ ಪ್ರಭೇದದಲ್ಲಿ ನೋಡಲು ಒಂದೇ ಥರದ ಎರಡು ವಂಶಗಳಿವೆಯೆಂದು 2013ರಲ್ಲಿ ಗೊತ್ತಾಯಿತು. ರಾಣಿ ಇನ್ನೊಂದು ವಂಶದ ಗಂಡನ್ನು ಕೂಡುತ್ತಾಳೆ. ಆ ಸಂಬಂಧದಿಂದ ಹುಟ್ಟುವವರು ಬರೀ ಕೆಲಸಗಾರರು. ಮುಂದಿನ ರಾಣಿಯರನ್ನು ಮಾತ್ರ ಗಂಡಿನ ಹಂಗಿಲ್ಲದೆ ತಾನೊಬ್ಬಳೇ ಹೆರುತ್ತಾಳೆ. ಹೀಗಾಗಿ ಗೂಡಿನ ದುಡಿಮೆಯೆಲ್ಲ ಮಿಶ್ರ ಸಂತಾನದ್ದು, ವಂಶ ಮುಂದುವರಿಯುವುದು ಮಾತ್ರ ಬೆರಕೆಯಿಲ್ಲದೆ. ಇವನ್ನು ಒಂದು ಪ್ರಭೇದ ಎನ್ನಬೇಕೋ, ಎರಡು ಎನ್ನಬೇಕೋ? ಒಂದು ವಂಶ ಅಳಿದರೆ ಇನ್ನೊಂದಕ್ಕೆ ಕೆಲಸಗಾರರನ್ನು ಹುಟ್ಟಿಸಿಕೊಳ್ಳುವ ದಾರಿಯೇ ಇರುವುದಿಲ್ಲ.