ಮ್ಯೂಸಿಯಂ ನೋಡಲು ಕಾರೇ ಬೇಕಾ?

ಬೆಂಗಳೂರಿಗೆ ನೀವು ಎಷ್ಟು ಸಲ ಹೋಗಿದ್ದೀರಿ? ಲೆಕ್ಕ ಇಟ್ಟಿಲ್ಲ, ಅಲ್ವಾ? ಹೋಗಲಿ, ಯಾತಕ್ಕೆ ಹೋಗಿದ್ದಿರಿ ಅಂತ ನೆನಪು ಮಾಡಿಕೊಳ್ಳಿ. ಅತ್ತೆಯವರ ಕಣ್ಣಿನ ಆಪರೇಷನ್, ನಾದಿನಿ ಮದುವೆಗೆ ಚಿಕ್ಕಪೇಟೆ ಸೀರೆ, ಯಾರದೋ ಗೃಹಪ್ರವೇಶ. ಊರು ನೋಡಬೇಕು ಅಂತಲೇ ಹೋಗಿದ್ದು ಎಷ್ಟು ಸಲ?

ಕೋಲಾರದಿಂದ ರಾಜಧಾನಿಗೆ ಸುಮಾರು 70 ಕಿಲೋಮೀಟರ್ ಅಷ್ಟೇ. ಆದರೂ ನಮ್ಮ ಹೋಳೂರು, ಶ್ರೀನಿವಾಸಪುರ, ಮುಳಬಾಗಿಲು ಕಡೆಯ ಎಷ್ಟೋ ಗೃಹಿಣಿಯರು ‘ಇವರಿಗೆ ಬಿಡುವಾಗಲಿ, ಕಾರು ಸಿಗಲಿ’ ಅಂತ ಕಾಯುತ್ತಲೇ ಇರುತ್ತಾರೆ. ಅಷ್ಟರಲ್ಲಿ ಮಕ್ಕಳು ಕಾಲೇಜು ಸೇರಿರುತ್ತಾರೆ! ಕಾಯುವುದು ಸಾಕು. ಮಕ್ಕಳ ಕೈ ಹಿಡಿದು ನೀವೇ ಹೊರಡಿ.

ಹೋಗುವುದು ಹೇಗೆ?

2023ರ ಜೂನ್ 11ರಂದು ಶಕ್ತಿ ಯೋಜನೆ ಶುರುವಾದ ಮೇಲೆ ಸರ್ಕಾರಿ ಸಾಮಾನ್ಯ ಬಸ್ಸುಗಳಲ್ಲಿ ನಮಗೆ ಟಿಕೆಟ್ ದುಡ್ಡಿಲ್ಲ. ಆಧಾರ್ ಕಾರ್ಡ್ ಪರ್ಸಿನಲ್ಲಿರಲಿ. ದುಡ್ಡಿಲ್ಲ ಅಂತ ಟಿಕೆಟ್ ಬಿಡಬೇಡಿ. ಕಂಡಕ್ಟರ್ ಹತ್ತಿರ ಶೂನ್ಯ ಟಿಕೆಟ್ ಕೇಳಿ ಪಡೆದು, ಇಳಿಯುವವರೆಗೂ ಜೋಪಾನ ಮಾಡಿ. ನಮ್ಮ ದಾರಿಯಲ್ಲಿ ತಿರುಪತಿ, ಚಿತ್ತೂರು ಕಡೆಯ ಬಸ್ಸುಗಳೂ ಬರುತ್ತವೆ. ಅಂತರರಾಜ್ಯ ಬಸ್ಸು, ಎಸಿ ಬಸ್ಸುಗಳಿಗೆ ಈ ಸೌಲಭ್ಯ ಇಲ್ಲ. ಹತ್ತುವ ಮೊದಲು ಬೋರ್ಡ್ ನೋಡಿಕೊಳ್ಳಿ.

ಟ್ರಾಫಿಕ್‌ನಲ್ಲಿ ಮೆಜೆಸ್ಟಿಕ್‌ವರೆಗೂ ಕೂರಬೇಕಾಗಿಲ್ಲ. ಹೊಸಕೋಟೆ ದಾಟಿ ಕೆ.ಆರ್. ಪುರದಲ್ಲಿ ಇಳಿದು ನೇರಳೆ ಮಾರ್ಗದ ಮೆಟ್ರೊ ಹತ್ತಿ. ಕೆ.ಆರ್. ಪುರದಿಂದ ಬೈಯಪ್ಪನಹಳ್ಳಿವರೆಗಿನ ಕೊಂಡಿ 2023ರ ಅಕ್ಟೋಬರ್‌ನಲ್ಲಿ ಕೂಡಿಕೊಂಡಿದ್ದು ನಮ್ಮ ಜಿಲ್ಲೆಯವರಿಗಂತೂ ವರವೇ ಸರಿ. ಮಾಲೂರಿನವರಿಗೆ ಇನ್ನೂ ಸಲೀಸು: ರೈಲಿನಲ್ಲಿ ವೈಟ್‌ಫೀಲ್ಡ್‌ಗೆ ಬಂದು, ಪಕ್ಕದಲ್ಲೇ ಇರುವ ಕಾಡುಗೋಡಿ ಸ್ಟೇಷನ್ನಿನಲ್ಲಿ ಮೆಟ್ರೊ ಹಿಡಿಯಬಹುದು. ಮೆಟ್ರೊಗೆ ಶಕ್ತಿ ಅನ್ವಯಿಸುವುದಿಲ್ಲ. 2025ರ ಫೆಬ್ರವರಿಯಲ್ಲಿ ದರವೂ ಏರಿದೆ. ದುಬಾರಿ ಅನ್ನಿಸಿದರೆ ಬಿಎಂಟಿಸಿ ಸಾಮಾನ್ಯ ಬಸ್ಸು ಇದ್ದೇ ಇದೆ.

ನೋಡುವುದು ಏನು?

ಕಬ್ಬನ್ ಪಾರ್ಕ್ ಸ್ಟೇಷನ್ನಿನಲ್ಲಿ ಇಳಿದರೆ ಕಸ್ತೂರಬಾ ರಸ್ತೆಗೆ ಸ್ವಲ್ಪ ನಡಿಗೆ. ಅಲ್ಲಿರುವ ವಿಶ್ವೇಶ್ವರಯ್ಯ ಕೈಗಾರಿಕಾ ಮತ್ತು ತಾಂತ್ರಿಕ ಮ್ಯೂಸಿಯಂನಲ್ಲಿ ಗುಂಡಿ ಒತ್ತಿ, ಹಿಡಿಕೆ ತಿರುಗಿಸಿ ನೋಡುವಂಥ ಮಾದರಿಗಳು ಬೇಕಾದಷ್ಟಿವೆ. ‘ಮುಟ್ಟಬೇಡ’ ಅಂತ ಗದರುವ ಕೆಲಸ ನಿಮಗೆ ಕಡಿಮೆ! ರೈಟ್ ಸಹೋದರರು 1903ರಲ್ಲಿ ಹಾರಿಸಿದ ವಿಮಾನದ ಪೂರ್ಣ ಗಾತ್ರದ ಪ್ರತಿಕೃತಿಯನ್ನು ಮರೆಯದೆ ತೋರಿಸಿ. ಸರ್ ಎಂ.ವಿ. ಹುಟ್ಟಿದ ಮುದ್ದೇನಹಳ್ಳಿ 2007ರವರೆಗೂ ನಮ್ಮ ಕೋಲಾರ ಜಿಲ್ಲೆಯಲ್ಲೇ ಇತ್ತು ಅನ್ನುವುದನ್ನೂ ಹೇಳಿ. ವಿದ್ಯುತ್ ಮಾದರಿಗಳ ಮುಂದೆ ನಿಂತಾಗ ಇನ್ನೊಂದು ಮಾತು: 1902ರಲ್ಲಿ ಶಿವನಸಮುದ್ರದ ಕರೆಂಟು ಮೊದಲು ಬಂದಿದ್ದು ನಮ್ಮ ಕೆಜಿಎಫ್ ಗಣಿಗೆ. ಬೆಂಗಳೂರಿನ ಬೀದಿಗಳಲ್ಲಿ ವಿದ್ಯುತ್ ದೀಪ ಹೊತ್ತಿದ್ದು ಆಮೇಲೆ, 1905ರಲ್ಲಿ.

ಅದೇ ರಸ್ತೆಯ ಕೆಂಪು ಕಟ್ಟಡ 1865ರಲ್ಲಿ ಸ್ಥಾಪನೆಯಾದ ಸರ್ಕಾರಿ ವಸ್ತುಸಂಗ್ರಹಾಲಯದ್ದು. ಅಲ್ಲಿನ ಸಂಗ್ರಹದಲ್ಲಿ ಹತ್ತನೇ ಶತಮಾನದ ಆತಕೂರು ಶಾಸನವಿದೆ. ಯುದ್ಧ ಗೆದ್ದು ಬಂದ ಮಣಲೇರ ಎಂಬ ವೀರ ಬಹುಮಾನವಾಗಿ ಕೇಳಿದ್ದು ಹೊನ್ನನ್ನಲ್ಲ, ‘ಕಾಳಿ’ ಎಂಬ ನಾಯಿಯನ್ನು! ಕಾಡುಹಂದಿಯೊಡನೆ ಕಾದಾಡಿ ಸತ್ತ ಆ ನಾಯಿಗಾಗಿ ನಿಲ್ಲಿಸಿದ ಕಲ್ಲದು. ಈ ಕಥೆಯನ್ನು ಬಸ್ಸಿನಲ್ಲೇ ಹೇಳಿಬಿಡಿ. ಕಥೆ ಗೊತ್ತಿದ್ದರೆ ಕಲ್ಲು ಮಾತಾಡುತ್ತದೆ, ಇಲ್ಲದಿದ್ದರೆ ಬರೀ ಕಲ್ಲು.

ಇಷ್ಟು ನೆನಪಿರಲಿ

* ಸೋಮವಾರ ಹೊರಡಬೇಡಿ, ಹಲವು ಮ್ಯೂಸಿಯಂಗಳಿಗೆ ಅಂದು ರಜೆ. ದುರಸ್ತಿಗೆ ಬಾಗಿಲು ಹಾಕಿರುವುದೂ ಉಂಟು, ಹಿಂದಿನ ದಿನವೇ ಫೋನ್ ಮಾಡಿ ಕೇಳಿಕೊಳ್ಳಿ.

* ಒಂದೇ ದಿನ ನಾಲ್ಕು ಜಾಗ ಸುತ್ತುವ ಆಸೆ ಬೇಡ. ಒಂದು ಅಥವಾ ಎರಡು ಸಾಕು. ಕಾಲು ನೋಯಲು ಶುರುವಾದರೆ ಮಕ್ಕಳಿಗೆ ಡೈನೋಸಾರೂ ಬೇಡ!

* ಚಿತ್ರಾನ್ನ, ಮೊಸರನ್ನ, ನೀರಿನ ಬಾಟಲಿ ಕಟ್ಟಿಕೊಳ್ಳಿ. ಗ್ಯಾಲರಿಯೊಳಗೆ ಮಾತ್ರ ಡಬ್ಬಿ ತೆರೆಯಬೇಡಿ.

* ಮಕ್ಕಳ ಜೇಬಿನಲ್ಲಿ ನಿಮ್ಮ ಫೋನ್ ನಂಬರ್ ಬರೆದ ಚೀಟಿ ಇಡಿ.

* ನಾಲ್ಕು ಗಂಟೆಯೊಳಗೆ ವಾಪಸ್ ಹೊರಟರೆ ಸಂಜೆಯ ನೂಕುನುಗ್ಗಲು ತಪ್ಪುತ್ತದೆ.

‘ಮನೆ ಯಾರು ನೋಡಿಕೊಳ್ತಾರೆ?’ ಅನ್ನುತ್ತೀರಾ? ಒಂದು ದಿನ ಅನ್ನ, ಸಾರು ಅವರೇ ಬಿಸಿ ಮಾಡಿಕೊಳ್ಳಲಿ ಬಿಡಿ. ಒಬ್ಬರೇ ಹೋಗಲು ಅಳುಕಾದರೆ ಪಕ್ಕದ ಮನೆ ಅಕ್ಕನನ್ನೂ ಹೊರಡಿಸಿ. ಮಕ್ಕಳಿಗೆ ಮ್ಯೂಸಿಯಂನ ಅರ್ಧ ಸಂಗತಿ ಮರೆತುಹೋಗಬಹುದು. ಆದರೆ ಬೋರ್ಡ್ ಓದಿ, ದಾರಿ ಕೇಳಿ, ಮೆಟ್ರೊ ಹತ್ತಿಸಿ ಕರೆದುಕೊಂಡು ಹೋದವಳು ಅಮ್ಮ ಅನ್ನುವುದು ಮರೆಯುವುದಿಲ್ಲ. ಮಗಳಿಗಂತೂ ಖಂಡಿತ ಮರೆಯುವುದಿಲ್ಲ.