ಮಗಳ ಫೋನಿಗೆ ಮಾಡಿದ ಕರೆ ಬೇರೆಲ್ಲಿಗೋ ತಿರುಗಿದರೆ

ಸೇಲಂ, ಧರ್ಮಪುರಿ ಜಿಲ್ಲೆಗಳ ನಮ್ಮ ಮಕ್ಕಳು ಪೆರಿಯಾರ್ ವಿಶ್ವವಿದ್ಯಾಲಯಕ್ಕೋ ಅದಕ್ಕೆ ಸಂಯೋಜಿತವಾದ ಕಾಲೇಜುಗಳಿಗೋ ಸೇರಿ ವಿದ್ಯಾರ್ಥಿನಿಲಯದಲ್ಲಿ ನೆಲೆಸಿದ ಮೇಲೆ, ಮನೆಗೂ ಅವರಿಗೂ ನಿತ್ಯದ ಕೊಂಡಿ ಫೋನ್ ಒಂದೇ. ಪರೀಕ್ಷೆಯ ಸೂಚನೆ, ಶುಲ್ಕದ ರಸೀದಿ, ಸರ್ಕಾರಿ ಶಾಲೆಯಲ್ಲಿ ಓದಿದ ಹೆಣ್ಣುಮಕ್ಕಳಿಗೆ ‘ಪುದುಮೈ ಪೆಣ್’ ಯೋಜನೆಯಡಿ ತಿಂಗಳಿಗೆ 1,000 ರೂಪಾಯಿ ಜಮೆಯಾಗುವ ಬ್ಯಾಂಕ್ ಖಾತೆ, ಎಲ್ಲವೂ ಆ ಒಂದು ಸಂಖ್ಯೆಯನ್ನೇ ನೆಚ್ಚಿಕೊಂಡಿವೆ.

ವಂಚಕನಿಗೆ ಫೋನೇ ಕೈಗೆ ಸಿಗಬೇಕೆಂದಿಲ್ಲ. ಅದಕ್ಕೆ ಬರುವ ಕರೆ ಸಿಕ್ಕರೆ ಸಾಕು. ಕೊರಿಯರ್‌ನವರೆಂದೋ ಫೋನ್ ಕಂಪನಿಯವರೆಂದೋ ಹೇಳಿಕೊಂಡು, *21* ಅಥವಾ *401* ಎಂದು ಆರಂಭವಾಗುವ ಸಂಖ್ಯೆಯೊಂದನ್ನು ಒತ್ತಿಸುತ್ತಾರೆ. ಒತ್ತಿದೊಡನೆ ನಮಗೆ ಬರಬೇಕಾದ ಕರೆಗಳು ಅವರ ಸಂಖ್ಯೆಗೆ ತಿರುಗಿಬಿಡಬಹುದು. ವಾಟ್ಸ್‌ಆ್ಯಪ್ ತನ್ನ ಒಟಿಪಿಯನ್ನು ಕರೆ ಮಾಡಿಯೂ ತಿಳಿಸುತ್ತದೆ. ಅದನ್ನು ಕೇಳಿಸಿಕೊಂಡವನಿಗೆ ಖಾತೆ ವಶವಾಗುತ್ತದೆ. ಬಳಿಕ ಮಗಳ ಹೆಸರಿನಲ್ಲೇ ‘ಅಪ್ಪಾ, ತುರ್ತಾಗಿ ಹಣ ಹಾಕಿ’ ಎಂಬ ಸಂದೇಶ ಮನೆಗೆ ಬರುತ್ತದೆ. ನಿಜವೇ ಎಂದು ವಿಚಾರಿಸಲು ತಂದೆ ಮಾಡುವ ಕರೆಯೂ ವಂಚಕನನ್ನೇ ಮುಟ್ಟುತ್ತದೆ. ಆದುದರಿಂದ ಕೋಣೆಯ ಗೆಳತಿಯ ಮತ್ತು ವಾರ್ಡನ್ನರ ಸಂಖ್ಯೆಗಳು ಮನೆಯ ಕ್ಯಾಲೆಂಡರಿನ ಮೇಲೆ ಬರೆದಿರಲಿ.

ಈ ಹಾವಳಿಯ ಕಾರಣದಿಂದಲೇ, ಇಂತಹ ಸಂಕೇತಗಳ ಮೂಲಕ ಕರೆ ತಿರುಗಿಸುವ ಸೌಲಭ್ಯವನ್ನು 2024ರ ಏಪ್ರಿಲ್ 15ರಿಂದ ನಿಲ್ಲಿಸುವಂತೆ ದೂರಸಂಪರ್ಕ ಇಲಾಖೆ ಕಂಪನಿಗಳಿಗೆ ಆದೇಶಿಸಿತು. ಆದರೂ ಫೋನಿನ ಕರೆ ಸೆಟ್ಟಿಂಗ್‌ನಲ್ಲಿ ‘ಕಾಲ್ ಫಾರ್ವರ್ಡಿಂಗ್’ ತೆರೆದು, ಅಪರಿಚಿತ ಸಂಖ್ಯೆ ಇದೆಯೇ ಎಂದು ನೋಡಿಕೊಳ್ಳುವುದು ಒಳಿತು. ಇದ್ದರೆ ಅಲ್ಲಿಯೇ ರದ್ದುಪಡಿಸಬಹುದು. ಹಲವು ಕಂಪನಿಗಳಲ್ಲಿ ##002# ಒತ್ತಿದರೂ ಆಗುತ್ತದೆ. ವಾಟ್ಸ್‌ಆ್ಯಪ್‌ನಲ್ಲಿ ಎರಡು ಹಂತದ ಪರಿಶೀಲನೆಗೆಂದು ಆರಂಕಿಯ ಪಿನ್ ಇಟ್ಟರೆ, ಒಟಿಪಿ ಕದ್ದವನಿಗೂ ಬಾಗಿಲು ಸುಲಭವಾಗಿ ತೆರೆಯದು.

ವಾಯ್ಸ್‌ಮೇಲ್ ನಮ್ಮಲ್ಲಿ ಅಪರೂಪ. ವಿದೇಶಕ್ಕೆ ಓದಲು ಹೋದ ಮಕ್ಕಳಿಗೆ ಮಾತ್ರ ಇದು ದಿನಬಳಕೆಯ ವಸ್ತು. ಕಂಪನಿ ಮೊದಲೇ ಇಟ್ಟಿದ್ದ ಪಿನ್ನನ್ನು ಬಹಳ ಮಂದಿ ಬದಲಾಯಿಸದಿದ್ದುದರಿಂದಲೇ ಬ್ರಿಟನ್ನಿನಲ್ಲಿ ‘ನ್ಯೂಸ್ ಆಫ್ ದಿ ವರ್ಲ್ಡ್’ ಪತ್ರಿಕೆಯವರು ಪರರ ಸಂದೇಶಗಳನ್ನು ಕದ್ದಾಲಿಸಿದರು. 2011ರಲ್ಲಿ ಆ ಪತ್ರಿಕೆಯೇ ಮುಚ್ಚಿತು.

ನಮಗೆ ಹೆಚ್ಚು ಆತಂಕ ತರುವುದು ನಮ್ಮ ಮನೆಗಳದೇ ಒಂದು ರೂಢಿ. ಕನ್ನಡ ಮಾಧ್ಯಮದಲ್ಲಿ ಓದಿದ ಅನೇಕ ಹಿರಿಯರು, ಇಂಗ್ಲಿಷಿನಲ್ಲೋ ತಮಿಳಿನಲ್ಲೋ ಸಂದೇಶ ಬಂದರೆ ಮಗನಿಗೆ ಕರೆ ಮಾಡಿ ಅಂಕಿಗಳನ್ನು ಓದಿ ಹೇಳುತ್ತಾರೆ. ಆ ಕರೆಯನ್ನು ಯಾರೆತ್ತಿದರೆಂದು ಯೋಚಿಸುವುದಿಲ್ಲ. ಒಟಿಪಿ ಎಂದರೇನೆಂದು ಮಕ್ಕಳು ಮನೆಮಾತಿನಲ್ಲೇ ಒಮ್ಮೆ ಕುಳಿತು ವಿವರಿಸಬೇಕು.

ಹಣ ಹೋದರೆ ತಡಮಾಡದೆ 1930ಕ್ಕೆ ಕರೆ ಮಾಡಿರಿ. ಫೋನೇ ಕಳೆದರೆ ಪೊಲೀಸರಿಗೆ ದೂರಿತ್ತು, ‘ಸಂಚಾರ್ ಸಾಥಿ’ ತಾಣದಲ್ಲಿ ಅದನ್ನು ತಡೆಹಿಡಿಸಬಹುದು. ಅದಕ್ಕೆ ಬೇಕಾಗುವ 15 ಅಂಕಿಯ ಐಎಂಇಐ ಸಂಖ್ಯೆ *#06# ಒತ್ತಿದರೆ ಕಾಣುತ್ತದೆ. ಫೋನ್ ಕೈಯಲ್ಲಿರುವಾಗಲೇ ಬರೆದಿಡಬೇಕು.