ದುಡಿಮೆಯ ಭಾರ ಯಾರ ಎದೆಯ ಮೇಲೆ?

ಮೈ ದುಡಿಯುವವನಿಗೆ ಸುಖನಿದ್ರೆಯುಂಟು, ಚಿಂತೆಯ ಭಾರವೆಲ್ಲ ಅಧಿಕಾರಿಗಳದೇ ಎಂಬ ಮಾತು ವಿದ್ಯಾವಂತರಲ್ಲಿ ರೂಢವಾಗಿದೆ. ನಾವು ಇದನ್ನು ಒಪ್ಪಲಾರೆವು. 1967ರಲ್ಲಿ ಲಂಡನ್ನಿನಲ್ಲಿ ಆರಂಭವಾದ ವೈಟ್‌ಹಾಲ್ ಪರಿಶೋಧನೆಯು ಬ್ರಿಟಿಷ್ ಸರ್ಕಾರದ ಸುಮಾರು 18,000 ಪುರುಷ ನೌಕರರನ್ನು ಪರೀಕ್ಷಿಸಿತು. ಹೃದ್ರೋಗದಿಂದ ಮಡಿದವರ ಪ್ರಮಾಣವು ಜವಾನರು, ದ್ವಾರಪಾಲಕರು ಮೊದಲಾದ ಕೆಳದರ್ಜೆಯವರಲ್ಲಿ ಉನ್ನತಾಧಿಕಾರಿಗಳದಕ್ಕಿಂತ ಮೂರು ಪಟ್ಟಿಗೂ ಮಿಗಿಲಾಗಿದ್ದಿತು. ಧೂಮಪಾನ, ರಕ್ತದೊತ್ತಡಗಳನ್ನು ಲೆಕ್ಕಕ್ಕೆ ಹಿಡಿದರೂ ಅಂತರವು ಪೂರ್ತಿಯಾಗಿ ಅಳಿಯಲಿಲ್ಲ. 1985ರಲ್ಲಿ ತೊಡಗಿದ ಎರಡನೆಯ ಪರಿಶೋಧನೆಯು ಒಂದು ಮುಖ್ಯ ಕಾರಣವನ್ನು ತೋರಿತು: ತನ್ನ ಕೆಲಸದ ಮೇಲೆ ತನಗೇ ಅಧಿಕಾರವಿಲ್ಲದಿರುವುದು.

ಅಧಿಕಾರಿಗೆ ಹೊಣೆ ಹೆಚ್ಚು, ನಿಜ. ಆದರೆ ಕೆಲಸವನ್ನು ಯಾವಾಗ, ಹೇಗೆ ಮಾಡಬೇಕೆಂಬ ನಿರ್ಣಯವು ಬಹುಮಟ್ಟಿಗೆ ಆತನದೇ. ಜವಾನನಿಗೆ ಗಂಟೆಯ ಸದ್ದೇ ಯಜಮಾನ. ಸ್ವಾತಂತ್ರ್ಯದ ಬೆಲೆಯನ್ನರಿತ ಈ ದೇಶದಲ್ಲಿ, ಗಂಟೆಯನ್ನು ಒತ್ತುವ ಮುನ್ನ ನಮ್ಮ ಅಧಿಕಾರಿಗಳು ಇದನ್ನು ನೆನೆಯಬೇಕೆಂದು ಬಿನ್ನವಿಸುತ್ತೇವೆ.